ಬಿಡಿ, ಇಡಿ, ಹಿಡಿ

2025ರ ಅಕ್ಟೋಬರ್ 1ನೆಯ ತಾರೀಖು, ಮಹಾನವಮಿಯ ಸಂಜೆ, ಟೆಕ್ಸಸ್ ಸಂಸ್ಥಾನದ ಒಂದು ಊರಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗನು, ಮೈಸೂರಿನಿಂದ ತಾಯಿ ದೂರವಾಣಿಯಲ್ಲಿ ಒಂದೊಂದಾಗಿ ಹೇಳಿಕೊಟ್ಟಂತೆ, ಅಡುಗೆಮನೆಯ ಚಾಕುಗಳನ್ನೂ ಊರಿನಿಂದ ತಂದಿದ್ದ ಈಳಿಗೆಮಣೆಯನ್ನೂ ತನ್ನ ಗಣಕಯಂತ್ರವನ್ನೂ ಕಾರಿನ ಬೀಗದಕೈಯನ್ನೂ ಸ್ಪ್ಯಾನರು ಸುತ್ತಿಗೆಗಳನ್ನೂ ಗೋಡೆಯ ಪಕ್ಕದಲ್ಲಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಅರಿಸಿನ ಕುಂಕುಮವಿಟ್ಟು ಹೂವೇರಿಸುತ್ತ ಬಂದವನು, ಊಟದ ಮೇಜಿನ ಬಳಿಗೆ ಬಂದಾಗ ಕುಂಕುಮದ ಬಟ್ಟಲನ್ನು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟ. ಮೇಜಿನ ಮೇಲೆ ಅವನ ಕೋವಿ ಬಿಚ್ಚಿ ಹರಡಿಕೊಂಡಿತ್ತು. ಅದರ ಮುಂಭಾಗದ ಹ್ಯಾಂಡ್‌ಗಾರ್ಡನ್ನು ಬದಲಾಯಿಸಬೇಕೆಂದು ನಾಲ್ಕು ದಿನದ ಹಿಂದೆ ಕುಳಿತಿದ್ದವನು, ಹಳೆಯದನ್ನು ತೆಗೆದುಹಾಕಿದ ಮೇಲೆ, ಹೊಸದನ್ನು ಬಿಗಿಯುವುದಕ್ಕೆ ಬೇಕಾದ ವಿಶೇಷ ಸ್ಪ್ಯಾನರು ಇನ್ನೂ ಅಂಚೆಯಲ್ಲಿ ಬರಬೇಕಾಗಿದ್ದುದರಿಂದ, ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟಿದ್ದ. ಒಂದು ನಿಮಿಷ ಅವುಗಳನ್ನೇ ನೋಡುತ್ತಿದ್ದು, ನನ್ನ ಕಡೆ ತಿರುಗಿ, “ಮಾವ, ಕುಂಕುಮ ಯಾವುದಕ್ಕೆ ಇಡಲಿ?” ಎಂದು ಕೇಳಿದ.

ಪ್ರಶ್ನೆ ಸಣ್ಣದು, ಅವನು ಕೇಳಿದ್ದೂ ತತ್ತ್ವಜಿಜ್ಞಾಸೆಯಿಂದಲ್ಲ, ದೀಪ ಆರುವುದರೊಳಗೆ ಪೂಜೆ ಮುಗಿಯಬೇಕೆಂಬ ಆತುರದಿಂದ. ಆದರೆ ಆಯುಧಪೂಜೆಯೆಂಬುದು ಆಯುಧವೆಂಬ ಒಂದು ವಸ್ತು ಎದುರಿಗೆ ಇದೆ ಎಂಬುದನ್ನು ಒಪ್ಪಿಕೊಂಡೇ ಹೊರಡುವ ಕರ್ಮವಾದ್ದರಿಂದ, ಆ ವಸ್ತು ತುಂಡುತುಂಡಾಗಿ ಹರಡಿಕೊಂಡಿರುವಾಗ ಅದರಲ್ಲಿ ಆಯುಧತ್ವವು ಎಲ್ಲಿ ನಿಂತಿದೆ, ಯಾವ ತುಂಡಿಗೆ ಮಾಡಿದ ನಮಸ್ಕಾರ ಆಯುಧಕ್ಕೆ ಸಂದೀತು ಎಂಬ ವಿಚಾರವು, ಎರಡು ಸಾವಿರ ವರ್ಷಗಳಿಂದ ನಮ್ಮ ದಾರ್ಶನಿಕರನ್ನು ಬಿಡದೆ ಕಾಡಿದ ಅವಯವ–ಅವಯವಿಗಳ, ಎಂದರೆ ಬಿಡಿ–ಇಡಿಗಳ, ವಿಚಾರವೇ ಎಂಬುದು ಆ ಕ್ಷಣದಲ್ಲಿ ಹೊಳೆದು, ನನಗೆ ಉತ್ತರ ಬಾಯಿಗೆ ಬಾರದೆ ಹೋಯಿತು.

ಕೋವಿಯ ವಿಷಯವನ್ನು ಮೊದಲು ಹೇಳಬೇಕು. ಎ.ಆರ್.-15 ಎಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮನೆಮಾತಾಗಿರುವ ಜಾತಿಯದು ಅದು. 1950ರ ದಶಕದಲ್ಲಿ, ವಿಮಾನಗಳನ್ನು ತಯಾರಿಸುತ್ತಿದ್ದ ಫೇರ್‌ಚೈಲ್ಡ್ ಕಂಪೆನಿಯ ಒಂದು ಶಾಖೆಯಾಗಿ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತಿದ್ದ ಆರ್ಮಲೈಟ್ ಎಂಬ ಚಿಕ್ಕ ಸಂಸ್ಥೆಯಲ್ಲಿ, ಯೂಜೀನ್ ಸ್ಟೋನರ್ ಎಂಬ ಯಂತ್ರಶಿಲ್ಪಿಯ ಕಲ್ಪನೆಯಿಂದ ಹುಟ್ಟಿದ ಈ ವಂಶವು, 1959ರಲ್ಲಿ ಕೋಲ್ಟ್ ಸಂಸ್ಥೆಯ ಪಾಲಾಗಿ, ಎಂ-16 ಎಂಬ ಹೆಸರಿನಿಂದ ಸೈನ್ಯವನ್ನು ಸೇರಿತು. ನಾಗರಿಕರ ಕೈಗೆ ಬಂದದ್ದು, ಒಂದು ಸಲ ಕುದುರೆಯನ್ನೆಳೆದರೆ ಒಂದೇ ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ತುಂಬಿಕೊಂಡು ಕಾಯುವ ಅದರ ಅರೆಸ್ವಯಂಚಾಲಿತ ರೂಪ. ಗುಂಡನ್ನು ಮುಂದಕ್ಕೆ ದಬ್ಬಿದ ಉರಿಯನಿಲದಲ್ಲಿ ಒಂದು ಅಂಶವನ್ನು ನಳಿಗೆಯ ಮೈಯಲ್ಲಿರುವ ರಂಧ್ರವೊಂದರಿಂದ ಹಿಡಿದು, ತೆಳ್ಳನೆಯ ಕೊಳವೆಯಲ್ಲಿ ಹಿಂದಕ್ಕೆ ಹರಿಯಿಸಿ, ಆ ಒತ್ತಡದಿಂದಲೇ ಬರಿದಾದ ತೋಟಾವನ್ನು ಹೊರಕ್ಕೆಸೆದು ಹೊಸದಕ್ಕೆ ದಾರಿ ತೆರೆಯುವುದು ಅದರ ಒಳಗುಟ್ಟು.

ಈ ನಳಿಗೆಯನ್ನೂ ಆ ಕೊಳವೆಯನ್ನೂ ಸುತ್ತುವರಿದು, ಕುದುರೆಯೆಳೆಯದ ಇನ್ನೊಂದು ಕೈ ಕೋವಿಯನ್ನು ಎತ್ತಿ ಹಿಡಿಯುವ ಎಡೆಯಲ್ಲಿರುವ ಕವಚವೇ ಹ್ಯಾಂಡ್‌ಗಾರ್ಡ್. ಕೈಗಾಪು ಎಂದು ಕನ್ನಡಿಸಬಹುದು. ನಳಿಗೆ ಕಾಯುತ್ತದೆ, ಕಾದ ಉಕ್ಕನ್ನು ಬರಿಗೈಯಿಂದ ಹಿಡಿಯಲಾಗದು, ಆದ್ದರಿಂದ ನಡುವೆ ಒಂದು ಹೊದಿಕೆ ಬೇಕು. ವಿಷಯ ಇಷ್ಟೆ. 1936ರಲ್ಲಿ ಅಮೆರಿಕಾದ ಸೈನ್ಯ ಅಂಗೀಕರಿಸಿದ ಎಂ-1 ಗ್ಯಾರಂಡ್ ಕೋವಿಯಲ್ಲಿ ಅದು ಅಕ್ರೋಟದ ಮರದ್ದಾಗಿತ್ತು. ಎಂ-16ರ ಮೊದಲ ದಿನಗಳಲ್ಲಿ ತ್ರಿಕೋನದ ಅಡ್ಡಕೊಯ್ತವುಳ್ಳ ಎರಡು ಪ್ಲಾಸ್ಟಿಕ್ ಹೋಳುಗಳಾಗಿ, ಒಳಮೈಗೆ ಕಾವನ್ನು ತಡೆಯುವ ಅಲ್ಯೂಮಿನಿಯಮ್ ತಗಡನ್ನು ಹೊದ್ದುಕೊಂಡು ಬಂತು; ಎಡದ ಹೋಳು ಬೇರೆ, ಬಲದ ಹೋಳು ಬೇರೆ; ಎಡದ್ದು ಒಡೆದರೆ ಎಡದ್ದನ್ನೇ ಹುಡುಕಿ ತರಬೇಕು. 1980ರ ದಶಕದಲ್ಲಿ ಬಂದ ಎಂ-16 ಎ-2 ಎಂಬ ರೂಪದಲ್ಲಿ ಅದು ಏಣುಗಳುಳ್ಳ ದುಂಡನೆಯ ಹೊದಿಕೆಯಾಗಿ, ಎರಡು ಹೋಳುಗಳೂ ಒಂದೇ ಅಚ್ಚಿನವಾದುವು. ಮೇಲಿನದೆಂಬುದೂ ಕೆಳಗಿನದೆಂಬುದೂ ಹೋಳಿನ ಸ್ವಭಾವವಾಗಿ ಉಳಿಯದೆ, ಅದನ್ನು ಕೂಡಿಸಿದ ಕೈ ಕೊಟ್ಟ ಸ್ಥಾನಮಾತ್ರವಾಗಿಬಿಟ್ಟಿತು. ಯುದ್ಧಸಾಮಗ್ರಿಯ ಉಗ್ರಾಣದವನಿಗೆ ಇದು ಬರಿಯ ಅನುಕೂಲ. ವೈಶೇಷಿಕ ದಾರ್ಶನಿಕನಿಗೆ ತೋರಿಸಿದ್ದರೆ ಒಂದು ದಿನದ ಚರ್ಚೆಗೆ ಆಗುತ್ತಿತ್ತು.

ಹಳೆಯ ಬಗೆಯ ಹೋಳುಗಳು ಮುಂದೆ ಒಂದು ಲೋಹದ ಬಿಲ್ಲೆಗೂ ಹಿಂದೆ ಸ್ಪ್ರಿಂಗಿನ ಬಲದಿಂದ ಒತ್ತಿ ನಿಂತ ಒಂದು ಬಳೆಗೂ ನಡುವೆ ಸಿಕ್ಕಿಕೊಂಡಿರುತ್ತವೆ. ಆ ಬಳೆಯನ್ನು ಹಿಂದಕ್ಕೆ ಜಗ್ಗಿ ಹಿಡಿದುಕೊಂಡೇ ಹೋಳನ್ನು ಈಚೆಗೆ ಎಳೆಯಬೇಕಾದುದರಿಂದ, ಒಬ್ಬನ ಎರಡು ಕೈ ಅದಕ್ಕೆ ಸಾಲದೆಂದು ಕಂಡು, ಬಳೆಯನ್ನು ಜಗ್ಗುವ ಕೆಲಸವನ್ನು ನನ್ನ ಸೋದರಳಿಯ ನನಗೆ ವಹಿಸಿದ್ದ. ಹೊಸ ಬಗೆಯದರ ತತ್ತ್ವವೇ ಬೇರೆ. ಹಳೆಯದು ನಳಿಗೆಯ ಮುಂಭಾಗಕ್ಕೆ ಆತುಕೊಂಡಿರುವುದರಿಂದ, ಹಿಡಿದ ಕೈಯ ಒತ್ತಡವೂ ಆನಿಕೆಯ ಮೇಲೆ ಇಟ್ಟ ಭಾರವೂ ನಳಿಗೆಗೆ ತಗುಲಿ, ಗುಂಡು ಹಾರುವ ಗಳಿಗೆಯಲ್ಲಿ ಅದು ಮಿಡಿಯುವ ರೀತಿಯನ್ನು ಕೆಡಿಸಿ, ಗುರಿಯನ್ನು ಎಳ್ಳಷ್ಟು ಅತ್ತಿತ್ತ ಮಾಡುತ್ತವೆ. ಹೊಸದಾದರೋ ಹಿಂತುದಿಯಲ್ಲಿ, ನಳಿಗೆಯನ್ನು ಕೋವಿಯ ಮೈಗೆ ಬಿಗಿಯುವ ನಟ್ಟಿನ ಹತ್ತಿರ ಮಾತ್ರ ನೆಲೆಗೊಂಡು, ಅಲ್ಲಿಂದ ಮುಂದಕ್ಕೆ ನಳಿಗೆಯನ್ನು ಎಲ್ಲಿಯೂ ಮುಟ್ಟದೆ, ಅದರ ಸುತ್ತ ಗಾಳಿಯನ್ನು ಬಿಟ್ಟುಕೊಂಡು ಚಾಚಿರುತ್ತದೆ. ಇದನ್ನು ಅಲ್ಲಿ ಫ್ರೀ-ಫ್ಲೋಟ್ ಎನ್ನುತ್ತಾರೆ. ಸುತ್ತುವರಿದೂ ಮುಟ್ಟದಿರುವುದು ಅದರ ಗುಣ.

ಈ ಆಯ್ಕೆಗಾಗಿ ಅವನು ಮೂರು ತಿಂಗಳು ಯೋಚಿಸಿದ್ದ. ಅಲ್ಯೂಮಿನಿಯಮ್ ಆದರೆ ಗಟ್ಟಿ, ಆದರೆ ಕಾವನ್ನು ಬೇಗ ಹೀರಿ ಕೈಗೆ ಮುಟ್ಟಿಸುತ್ತದೆ. ಪ್ಲಾಸ್ಟಿಕ್ಕಾದರೆ ಕಾವು ತಿಳಿಯದು, ಆದರೆ ಬಿಗಿ ಸಾಲದು. ಇಂಗಾಲದ ನಾರಿನದಾದರೆ ಹಗುರ, ಆದರೆ ಬೆಲೆ ಹೆಚ್ಚು. ಉದ್ದವಾದರೆ ಕೈ ಮುಂದಕ್ಕೆ ಚಾಚಿ ಹಿಡಿಯಬಹುದು; ಆಗ ಮೂತಿ ಭಾರವಾಗುತ್ತದೆ. ದೀಪವನ್ನೋ ಹಿಡಿಯನ್ನೋ ಸಿಕ್ಕಿಸುವುದಕ್ಕೆ ಹಲ್ಲುಹಲ್ಲಾದ ಪಟ್ಟಿ ಬೇಕೆ, ಬರಿಯ ಕಂಡಿ ಸಾಕೆ? ನ್ಯೂಜೆರ್ಸಿಯ ಪಿಕಟಿನ್ನಿ ಶಸ್ತ್ರಾಗಾರದ ಹೆಸರು ಹೊತ್ತು 1995ರಲ್ಲಿ ಸೈನ್ಯದ ಮಾನಕವಾದ ಆ ಹಲ್ಲಿನ ಪಟ್ಟಿಯನ್ನು ನಾಲ್ಕು ಪಕ್ಕಕ್ಕೂ ಕೂಡಿಸಿದ ಹ್ಯಾಂಡ್‌ಗಾರ್ಡುಗಳು ಒಂದು ಕಾಲದಲ್ಲಿ ಬಹಳ ಪ್ರಿಯವಾಗಿದ್ದುವಂತೆ. ಆದರೆ ಅವುಗಳ ಹಲ್ಲು ಅಂಗೈಯನ್ನು ತರಚುವುದರಿಂದ, ಅವುಗಳ ಮೇಲೆ ರಬ್ಬರಿನ ಹೊದಿಕೆ ಹಾಕಬೇಕಾಯಿತು. ಕೈಯನ್ನು ಕಾಯಲೆಂದು ಬಂದುದರಿಂದ ಕೈಯನ್ನು ಕಾಯುವುದಕ್ಕೆ ಇನ್ನೊಂದು. ಈಗ ನುಣುಪಾದ ಮೈಯಲ್ಲಿ ಕಂಡಿಗಳನ್ನು ಮಾತ್ರ ಕೊರೆದಿರುವ ಎಂ-ಲಾಕ್ ಎಂಬ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಅವನು ಅದನ್ನೇ ಆರಿಸಿದ.

ಈ ಶ್ರದ್ಧೆಯನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ನಮ್ಮ ಮೈಸೂರಿನ ವೈಣಿಕರು ಮೇಣವನ್ನು ಕಾಸಿ ಮೆಟ್ಟಿಲುಗಳನ್ನು ಮತ್ತೆ ಮತ್ತೆ ಕೂರಿಸಿ ಎಬ್ಬಿಸಿ, ಕೂದಲೆಳೆಯಷ್ಟು ಅಂತರಕ್ಕಾಗಿ ಒಂದು ಮಧ್ಯಾಹ್ನವನ್ನೇ ಕಳೆಯುವುದನ್ನು ನಾನು ಕಂಡಿದ್ದೇನೆ. ತನ್ನ ಉಪಕರಣವು ತನ್ನ ಕೈಗೆ ಒಗ್ಗಬೇಕೆಂಬ ಹಂಬಲ, ಉಪಕರಣ ಯಾವುದೇ ಆಗಲಿ, ಮನುಷ್ಯನ ಹಳೆಯ ಮತ್ತು ಮರ್ಯಾದೆಯುಳ್ಳ ಹಂಬಲಗಳಲ್ಲಿ ಒಂದು. ಆದರೆ ವೀಣೆಯ ವಿಷಯದಲ್ಲಿ ಏಳದ ಪ್ರಶ್ನೆಯೊಂದು ಕೋವಿಯ ವಿಷಯದಲ್ಲಿ ಏಳುತ್ತದೆ. ಆ ಪ್ರಶ್ನೆಯನ್ನು ಹತ್ತಿಕ್ಕಿ ಬರಿಯ ಕುಶಲತೆಯನ್ನು ಮೆಚ್ಚಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ.

ನಾನು ಸುಮ್ಮನಿದ್ದುದನ್ನು ಕಂಡು ಅವನೇ ಒಂದು ತುಂಡನ್ನು ಎತ್ತಿ ತೋರಿಸಿದ. ಕುದುರೆಯೂ ಅದರ ಸುತ್ತಿಗೆಯೂ ಇರುವ, ಅಂಗೈಯಗಲದ ಅಲ್ಯೂಮಿನಿಯಮಿನ ಪೆಟ್ಟಿಗೆ ಅದು. ಲೋಯರ್ ರಿಸೀವರ್ ಎಂದು ಅದರ ಹೆಸರು. “ಕಾನೂನಿನ ಲೆಕ್ಕದಲ್ಲಿ ಇದೊಂದೇ ಕೋವಿ, ಮಾವ. ನಂಬರು ಕೊರೆದಿರುವುದು ಇದರ ಮೇಲೆ. ಮಿಕ್ಕದ್ದೆಲ್ಲ ಬಿಡಿಸಾಮಾನು, ಸೌಟು ಕೊಂಡ ಹಾಗೆ ಕೊಂಡು ತರಬಹುದು. ಇದಕ್ಕೇ ಇಟ್ಟುಬಿಡಲೆ?” ಎಂದ. ಅವನು ಹೇಳಿದ್ದು ನಿಜ. ಕೋವಿಯ ಚೌಕಟ್ಟು ಅಥವಾ ರಿಸೀವರನ್ನು ಸ್ವತಃ ಕೋವಿಯೆಂದೇ ಎಣಿಸತಕ್ಕದ್ದೆಂದು ಅಲ್ಲಿಯ 1968ರ ಶಾಸನ ಹೇಳುತ್ತದೆ. ಈ ಜಾತಿಯ ಕೋವಿಯಲ್ಲಿ ಆ ಸ್ಥಾನ ಕೆಳಗಿನ ಪೆಟ್ಟಿಗೆಗೆ ಸಂದಿದೆ. ನಳಿಗೆಯನ್ನು ಬದಲಾಯಿಸಿದರೂ ಹಿಡಿಯನ್ನು ಬದಲಾಯಿಸಿದರೂ ನಂಬರಿದ್ದ ತುಂಡು ಇರುವವರೆಗೆ ಕೋವಿ ಅದೇ. ಆ ತುಂಡೊಂದು ಹೋದರೆ, ಮಿಕ್ಕದ್ದೆಲ್ಲ ಮೇಜಿನ ಮೇಲೆ ಹಾಗೆಯೇ ಇದ್ದರೂ ಕೋವಿ ಇಲ್ಲ. ದೇಹದ ಎಲ್ಲ ಧಾತುಗಳೂ ಬದಲಾಗುತ್ತಿದ್ದರೂ ಬದಲಾಗದ ಒಂದು ಇದೆಯೆಂದು ಹೇಳುವ ಆತ್ಮವಾದಿಯ ನಿಲುವಿಗೆ ಇದು ಹತ್ತಿರವಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಆ ಆತ್ಮಕ್ಕೆ ಅಂಕಿಯ ರೂಪದಲ್ಲಿ ಒಂದು ಗುರುತನ್ನೂ ಕೊರೆದಿಟ್ಟಂತೆ ಕಾಣುತ್ತದೆ.

ಆದರೆ ಆ ನಿಲುವು ತೋರುವಷ್ಟು ಗಟ್ಟಿಯಲ್ಲ. ರಿಸೀವರ್ ಎಂದರೆ ಯಾವುದೆಂದು ಅಲ್ಲಿಯ ಸರಕಾರದ ಹಳೆಯ ನಿಯಮ ಕೊಟ್ಟಿದ್ದ ಲಕ್ಷಣದಲ್ಲಿ, ಸುತ್ತಿಗೆ, ತೋಟಾದ ಬಾಯಿ ಮುಚ್ಚುವ ಬೋಲ್ಟು, ಗುಂಡು ಹೊತ್ತಿಸುವ ಯಂತ್ರ ಇವೆಲ್ಲಕ್ಕೂ ಮನೆಯಾಗಿರುವ ಭಾಗವೆಂದಿತ್ತು. ಈ ಕೋವಿಯಲ್ಲಾದರೋ ಸುತ್ತಿಗೆ ಕೆಳಗಿನ ಪೆಟ್ಟಿಗೆಯಲ್ಲಿ, ಬೋಲ್ಟು ಮೇಲಿನ ಪೆಟ್ಟಿಗೆಯಲ್ಲಿ. ಲಕ್ಷಣವು ಲಕ್ಷ್ಯದಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲವೆಂದು ಕೆಲವು ನ್ಯಾಯಾಲಯಗಳು ಎತ್ತಿ ತೋರಿಸಿದುವು. ಅವ್ಯಾಪ್ತಿಯೆಂದು ನಮ್ಮ ತಾರ್ಕಿಕರು ಹೇಳುವ ದೋಷವೇ ಅದು. ಮುಂದೆ 2022ರಲ್ಲಿ ನಿಯಮವನ್ನು ತಿದ್ದಿದರು. ಮನೆಯಲ್ಲಿ ಕೂಡಿಸಿಕೊಳ್ಳುವಂತೆ ಮಾರುವ ಬಿಡಿಭಾಗಗಳ ಕಟ್ಟನ್ನೂ ಕೋವಿಯೆನ್ನಬಹುದೆ ಎಂಬ ವ್ಯಾಜ್ಯ ಅದರಿಂದ ಹುಟ್ಟಿ ಅಲ್ಲಿಯ ಪರಮೋಚ್ಚ ನ್ಯಾಯಾಲಯದವರೆಗೆ ಹೋಗಿ, 2025ರ ಮಾರ್ಚ್ 26ರಂದು, ಕೆಲವು ಕಟ್ಟುಗಳ ಮಟ್ಟಿಗಾದರೂ ಎನ್ನಬಹುದೆಂದು ತೀರ್ಪಾಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಗೋರ್ಸಚ್, ಬರೆದು ಮುಗಿಯದ ಹಸ್ತಪ್ರತಿಯನ್ನೂ ಲೇಖಕಿ ತನ್ನ ಕಾದಂಬರಿಯೆಂದೇ ಕರೆಯುವುದನ್ನೂ, ಅಂಗಡಿಯಿಂದ ಹಲಗೆಗಳಾಗಿ ತಂದು ಇನ್ನೂ ಕೂಡಿಸಿರದ ಮೇಜನ್ನು ನಾವು ಮೇಜೆಂದೇ ಹೇಳುವುದನ್ನೂ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಸಾಗಲ ನಗರದ ನೆನಪಾಯಿತು.

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಆ ನಗರದಿಂದ ಆಳುತ್ತಿದ್ದ ಯವನರಾಜ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವು ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿದೆ. ನೀನು ನಡೆದು ಬಂದೆಯೋ ರಥದಲ್ಲಿ ಬಂದೆಯೋ ಎಂದು ಭಿಕ್ಷು ಕೇಳಿದ. ರಥದಲ್ಲಿ ಎಂದ ಅರಸ. ಹಾಗಾದರೆ ಈಸುಮರವು ರಥವೋ, ಅಚ್ಚು ರಥವೋ, ಗಾಲಿ ರಥವೋ, ಇವೆಲ್ಲವೂ ಸೇರಿ ರಥವೋ, ಇವುಗಳಾಚೆಗೆ ಬೇರೊಂದು ರಥವೋ ಎಂದು ಒಂದೊಂದಾಗಿ ಕೇಳಿ, ಎಲ್ಲಕ್ಕೂ ಅಲ್ಲವೆಂಬ ಉತ್ತರವನ್ನೇ ಪಡೆದು, ರಥವೆಂಬುದು ಈ ಅಂಗಗಳನ್ನು ಅವಲಂಬಿಸಿ ಎದ್ದ ಒಂದು ವ್ಯವಹಾರದ ಹೆಸರು ಮಾತ್ರವೆಂಬ ನೆಲೆಗೆ ಅರಸನನ್ನು ತಂದು ನಿಲ್ಲಿಸಿದ. ನಮ್ಮ ಮೇಜಿನ ಮೇಲೆ ಈ ಪರೀಕ್ಷೆಯನ್ನು ನಡೆಸುವುದು ಸುಲಭ. ನಳಿಗೆಯು ಕೋವಿಯಲ್ಲ, ಬೋಲ್ಟು ಕೋವಿಯಲ್ಲ, ಹ್ಯಾಂಡ್‌ಗಾರ್ಡಂತೂ ಕೋವಿಯಲ್ಲವೇ ಅಲ್ಲ. ಹಾಗಾದರೆ ಕುಂಕುಮಕ್ಕೆ ನೆಲೆಯಿಲ್ಲ, ಹೆಸರಿಗೆ ಕುಂಕುಮವಿಡಲಾಗುವುದೆ? ಆದರೆ ಭಿಕ್ಷುವಿನ ಈ ಉತ್ತರ, ‘ನಾನು’ ಎಂಬುದರ ಹಟವನ್ನು ಸಡಿಲಿಸುವುದಕ್ಕೆ ಎಷ್ಟು ಸಮರ್ಥವೋ, ಆಯುಧದ ವಿಷಯದಲ್ಲಿ ಅಷ್ಟೇ ಅಪಾಯಕರವೆಂದು ನನಗೆ ತೋರುತ್ತದೆ. ತಾನು ಬರಿಯ ತಿರುಪು ಮಾಡಿದೆ, ತಾನು ಬರಿಯ ಕೊಳವೆ ಮಾಡಿದೆ, ತಾನು ಬರಿಯ ಹೊದಿಕೆ ಮಾರಿದೆ, ಕೋವಿಯೆಂಬುದನ್ನು ಯಾರೂ ಮಾಡಲಿಲ್ಲ ಎಂದು ಪ್ರತಿಯೊಬ್ಬನೂ ಕೈತೊಳೆದುಕೊಳ್ಳುವುದಕ್ಕೆ ಅದರಲ್ಲಿ ದಾರಿ ಸಿಕ್ಕಿಬಿಡುತ್ತದೆ. ನಾಗಸೇನನು ಅದಕ್ಕಾಗಿ ಹೇಳಿದ್ದಲ್ಲ ಎಂಬುದು ನಿಜ.

ಗೌತಮನ ನ್ಯಾಯಸೂತ್ರವು ಇದಕ್ಕೆ ಕೊಡುವ ಎದುರುತ್ತರ, ಕೈಗಾಪಿನ ಚರ್ಚೆಗೆಂದೇ ಹೇಳಿದಷ್ಟು ನೇರವಾಗಿದೆ. ಅವಯವಗಳಿಗಿಂತ ಬೇರೆಯಾದ ಅವಯವಿಯೊಂದು ನಿಜವಾಗಿ ಇದೆ ಎನ್ನುವುದಕ್ಕೆ ಅವನು ಕೊಡುವ ಕಾರಣಗಳಲ್ಲಿ ಒಂದು, ಧಾರಣ ಮತ್ತು ಆಕರ್ಷಣ: ಒಂದು ಕಡೆಯನ್ನು ಹಿಡಿದರೆ ಇಡಿಯೇ ಹಿಡಿಗೆ ಬರುತ್ತದೆ, ಒಂದು ಕಡೆಯನ್ನು ಎಳೆದರೆ ಇಡಿಯೇ ಬರುತ್ತದೆ, ಬರಿಯ ರಾಶಿಯಾಗಿದ್ದರೆ ಹಿಡಿದಷ್ಟೇ ಬರುತ್ತಿತ್ತು. ಮರಳನ್ನು ಹಿಡಿದರೆ ಹಿಡಿ ಮರಳು ಬರುತ್ತದೆ. ಕೊಡದ ಕಂಠವನ್ನು ಹಿಡಿದರೆ ಕೊಡ ಬರುತ್ತದೆ. ಭಾಷ್ಯಕಾರ ವಾತ್ಸ್ಯಾಯನನು ಇದರ ಮೇಲೆ ಎದ್ದ ಆಕ್ಷೇಪವನ್ನೂ ಮುಚ್ಚಿಡುವುದಿಲ್ಲ: ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಗಳೂ ಒಟ್ಟಾಗಿಯೇ ಏಳುತ್ತವೆಯಲ್ಲ, ಅವೂ ಒಂದು ಅವಯವಿಯೆ? ಅಂಟಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಗೆರೆ ಎಲ್ಲಿ ಎಂಬ ಈ ಕೊಸರು ಇಂದಿಗೂ ಪೂರ್ತಿಯಾಗಿ ತೀರಿದ್ದೆಂದು ನಾನು ಎಣಿಸುವುದಿಲ್ಲ. ಆದರೂ ಆ ಸೂತ್ರದ ಬಲ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನವರಾತ್ರಿಗೆ ಮುಂಚೆ ಒಂದು ದಿನ, ಗುರಿಯಭ್ಯಾಸದ ಮೈದಾನದಲ್ಲಿ, ಅವನು ತನ್ನ ಕೋವಿಯನ್ನು ಒಂದು ಗಳಿಗೆ ನನ್ನ ಕೈಗೆ ಕೊಟ್ಟಾಗ, ನಾನು ಹಿಡಿದದ್ದು ಕೈಗಾಪನ್ನು, ಎದ್ದದ್ದು ಕೋವಿ. ಆ ಭಾರ ಮೊಣಕೈಯವರೆಗೆ ಹರಿದಾಗ, ಇದು ಹೆಸರುಮಾತ್ರವೆಂದು ಹೇಳುವ ಧೈರ್ಯ ನನಗಿರಲಿಲ್ಲ.

ನ್ಯಾಯವೈಶೇಷಿಕರು ಇಲ್ಲಿಗೇ ನಿಲ್ಲುವುದಿಲ್ಲ. ಬಟ್ಟೆಯಿಂದ ಒಂದು ನೂಲನ್ನು ತೆಗೆದರೆ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟುತ್ತದೆಂದೂ, ‘ಅದೇ ಇದು’ ಎಂಬ ನಮ್ಮ ಪ್ರತ್ಯಭಿಜ್ಞೆ ಉರಿಯುವ ದೀಪದ ಕುಡಿಯನ್ನು ಅದೇ ಕುಡಿಯೆಂದು ತಿಳಿಯುವಂತೆ ಸಾದೃಶ್ಯದಿಂದ ಹುಟ್ಟಿದ್ದೆಂದೂ ಅವರ ಮತ. ಅದರಂತೆ ನೋಡಿದರೆ, ಹ್ಯಾಂಡ್‌ಗಾರ್ಡನ್ನು ತೆಗೆದ ಆ ಶನಿವಾರ ಒಂದು ಕೋವಿ ಸತ್ತಿತು. ಹೊಸದನ್ನು ಬಿಗಿದ ದಿನ ಇನ್ನೊಂದು ಹುಟ್ಟಬೇಕು. ಅಥೆನ್ಸಿನವರು ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಅದೇ ಹಡಗೆಂದು ಕಾಪಾಡಿಕೊಂಡು ಬಂದುದನ್ನು ಪ್ಲೂಟಾರ್ಕ್ ಬರೆದಿದ್ದಾನೆ. ಅದು ಬಹಳ ಮಂದಿಗೆ ಗೊತ್ತಿರುವ ಕಥೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನ್ಯಾಯದವರ ಈ ನಿಷ್ಠುರತೆ. ಕಾನೂನು ಹಳೆಯ ನಂಬರನ್ನು ನೋಡಿ ಇದು ಅದೇ ಕೋವಿಯೆಂದು ಸಮಾಧಾನಪಡುವಾಗ, ನೈಯಾಯಿಕನು ಪ್ರತಿಯೊಂದು ಜೋಡಣೆಯೂ ಒಂದು ಹೊಸ ಸೃಷ್ಟಿಯೆಂದು ಹೇಳಿ, ಜೋಡಿಸಿದವನನ್ನು ಪ್ರತಿಸಲವೂ ಕರ್ತೃವಿನ ಸ್ಥಾನದಲ್ಲಿ ಕೂರಿಸುತ್ತಾನೆ.

ಮೈದಾನದ ಆ ದಿನವನ್ನೇ ಇನ್ನಷ್ಟು ಹೇಳಬೇಕಾಗಿದೆ. ಅವನು ಮೂವತ್ತು ಗುಂಡುಗಳನ್ನು ಒಂದರ ಹಿಂದೊಂದಾಗಿ ಹಾರಿಸಿ, ಕೋವಿಯನ್ನು ಬರಿದುಮಾಡಿ ಕೆಳಗಿಟ್ಟಾಗ, ಹೊರಗೆ ಕಾಣುವ ನಳಿಗೆಯ ಮೇಲಿನ ಗಾಳಿ ಬೇಸಗೆಯ ರಸ್ತೆಯ ಮೇಲಿನಂತೆ ನಡುಗುತ್ತಿತ್ತು. ನಾನು ತಿಳಿಯದೆ ಬೆರಳು ಮುಂದೆ ಮಾಡಿದೆ, “ಮಾವ, ಮುಟ್ಟಬೇಡಿ!” ಎಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡ. ಅವನ ಇನ್ನೊಂದು ಕೈ ಆ ನಳಿಗೆಯಿಂದ ಎರಡು ಬೆರಳಿನ ದೂರದಲ್ಲಿ, ಕೈಗಾಪಿನ ಮೇಲೆ ತಣ್ಣಗೆ ನಿಂತಿತ್ತು. ಕೈ ಸುಟ್ಟುಕೊಳ್ಳುವುದು ಎಂದರೆ ನಮ್ಮ ಭಾಷೆಯಲ್ಲಿ, ತಾನು ಮಾಡಿದ್ದರ ಬಿಸಿ ತನಗೇ ತಟ್ಟಿ ಬುದ್ಧಿ ಬರುವುದು. ಈ ಒಂದು ತುಂಡಿನ ಸಾರ್ಥಕ್ಯವೆಲ್ಲ, ಆ ಬಿಸಿ ತಟ್ಟದಂತೆ ನೋಡಿಕೊಳ್ಳುವುದರಲ್ಲಿದೆ. 1994ರಿಂದ 2004ರವರೆಗೆ ಆ ದೇಶದಲ್ಲಿ ಜಾರಿಯಲ್ಲಿದ್ದ ಒಂದು ಶಾಸನವು, ಕೆಲವು ಜಾತಿಯ ಪಿಸ್ತೂಲುಗಳನ್ನು ನಿಷೇಧಿಸುವುದಕ್ಕಾಗಿ ಎಣಿಸಿದ ಲಕ್ಷಣಗಳ ನಡುವೆ, ಕುದುರೆಯೆಳೆಯದ ಕೈ ಸುಡದಂತೆ ಹಿಡಿಯಗೊಡುವ ನಳಿಗೆಯ ಹೊದಿಕೆಯನ್ನೂ ಸೇರಿಸಿತ್ತು. ಶಾಸನದ ಒಣಮಾತಿನ ನಡುವೆ ಸುಡುವ ಕೈಯೊಂದರ ಪ್ರಸ್ತಾಪ ಬಂದುದನ್ನು ಕಂಡು, ಅದನ್ನು ಬರೆದವರಿಗೆ ತಾವು ಮುಟ್ಟಿದ ಮರ್ಮ ತಿಳಿದಿತ್ತೋ ಇಲ್ಲವೋ ಎಂದು ನಾನು ಬಹಳ ಹೊತ್ತು ಯೋಚಿಸಿದ್ದುಂಟು. ಕೋವಿಯ ಮಿಕ್ಕ ಅಂಗಗಳೆಲ್ಲ ಗುಂಡಿನ ಕಡೆ, ಗುರಿಯ ಕಡೆ ಮುಖಮಾಡಿರುವಾಗ, ಇದೊಂದು ಅಂಗ ಮಾತ್ರ ಹಿಡಿದವನ ಕಡೆ ಮುಖಮಾಡಿ, ಅವನ ಚರ್ಮದ ಮೇಲಿನ ದಯೆಯಿಂದ ಹುಟ್ಟಿದೆ. ದಯೆ ಅಲ್ಲಿಗೇ ಮುಗಿಯುತ್ತದೆ.

ಕರ್ಮ ಮಾಡಿಯೂ ಅಂಟಿಸಿಕೊಳ್ಳದವನನ್ನು ನೀರಿನಲ್ಲಿರುವ ತಾವರೆಯ ಎಲೆಗೆ ಹೋಲಿಸುವ ಗೀತೆಯ ಮಾತನ್ನು ಇಲ್ಲಿ ಯಾರಾದರೂ ತಂದಾರು. ಆ ಎಲೆಯ ನಿರ್ಲೇಪ ಬೇರೆ, ಈ ಕೈಗಾಪಿನ ನಿರ್ಲೇಪ ಬೇರೆ. ಅದು ಫಲವನ್ನು ಒಪ್ಪಿಸಿಬಿಟ್ಟುದರಿಂದ ಬಂದದ್ದು. ಇದು ಫಲವನ್ನು ಇನ್ನೊಬ್ಬನ ಪಾಲಿಗೆ ಬಿಟ್ಟುದರಿಂದ ಬಂದದ್ದು. ಅದೇ ಟೆಕ್ಸಸಿನ ಯುವಾಲ್ಡೆ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ, 2022ರ ಮೇ 24ರಂದು, ಹತ್ತೊಂಬತ್ತು ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಈ ಜಾತಿಯ ಕೋವಿಗೆ ಬಲಿಯಾದರು. ಆ ದಿನವೂ ಕೈಗಾಪು ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡಿರಬೇಕೆಂಬುದನ್ನು ನೆನೆದರೆ ನನ್ನ ಮಾತು ನಿಲ್ಲುತ್ತದೆ. ನನ್ನ ಸೋದರಳಿಯ ನೊಣಕ್ಕೂ ನೋವುಮಾಡಲಾರದ ಸ್ವಭಾವದವನು. ಕೋವಿಯನ್ನು ಬೀಗದ ಕಪಾಟಿನಲ್ಲಿಡುವವನು. ಅವನ ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ಅವನನ್ನೂ ಆ ದುಷ್ಕೃತ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅನ್ಯಾಯ. ಆದರೆ ಬಿಡಿಭಾಗಗಳನ್ನು ನೋಡಿ ಈ ಎರಡನ್ನೂ ಬೇರೆಮಾಡಲಾಗುವುದಿಲ್ಲ. ಬೇರೆಮಾಡುವ ವಸ್ತು ಬಿಡಿಯಲ್ಲಿಯೂ ಇಲ್ಲ, ಇಡಿಯಲ್ಲಿಯೂ ಇಲ್ಲ, ಹಿಡಿದವನಲ್ಲಿದೆ.

ಆ ಹಿಡಿಯುವಿಕೆಯನ್ನು ನಮ್ಮ ದೇಶದಲ್ಲಿ ಅತ್ಯಂತ ಸೂಕ್ಷ್ಮವಾಗಿ ತೂಗಿದವರು ಜೈನಾಚಾರ್ಯರು. ಕರ್ಮದ ಆಸ್ರವಕ್ಕೆ, ಎಂದರೆ ಕರ್ಮವು ಜೀವದೊಳಕ್ಕೆ ಹರಿದುಬರುವುದಕ್ಕೆ, ಆಧಾರವಾದ ಅಧಿಕರಣಗಳನ್ನು ತತ್ತ್ವಾರ್ಥಸೂತ್ರವು ಜೀವ, ಅಜೀವ ಎಂದು ಎರಡಾಗಿ ವಿಂಗಡಿಸಿ, ಜೀವದ ಪಕ್ಷದಲ್ಲಿ ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಜೀವದ ಪಕ್ಷದಲ್ಲಿ ರಚಿಸುವುದು, ಇಡುವುದು, ಕೂಡಿಸುವುದು, ಪ್ರವರ್ತಿಸುವುದು ಎಂದು ನಾಲ್ಕನ್ನು ಹೇಳುತ್ತದೆ. ಕೂಡಿಸುವುದು, ಸಂಯೋಗ, ಅಲ್ಲಿ ತಾನೇ ಒಂದು ಪ್ರತ್ಯೇಕ ವಿಭಾಗ. ಶ್ವೇತಾಂಬರರ ಶ್ರಾವಕಾಚಾರದಲ್ಲಿ ಇದು ಇನ್ನೂ ಮನೆಯ ಮಟ್ಟಕ್ಕೆ ಇಳಿದು ಬರುತ್ತದೆ: ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಸಂಯುಕ್ತಾಧಿಕರಣವೆಂಬುದೊಂದು. ಒರಳನ್ನು ಒನಕೆಯೊಡನೆಯೂ, ನೇಗಿಲನ್ನು ಗುಳದೊಡನೆಯೂ, ಬಿಲ್ಲನ್ನು ಬಾಣದೊಡನೆಯೂ, ಯಾರು ಬೇಕಾದರೂ ಎತ್ತಿ ಬಳಸುವಂತೆ ಕೂಡಿಸಿಟ್ಟುಕೊಂಡಿರುವುದೇ ಗೃಹಸ್ಥನ ತಪ್ಪು. ಒಂದೊಂದು ಬಿಡಿಯೂ ಮನೆಯಲ್ಲಿರಬಹುದು. ಕೆಲಸವಿಲ್ಲದಾಗ ಅವು ಕೂಡಿ ಸಿದ್ಧವಾಗಿ ನಿಂತಿರಬಾರದು. ಮಿಲಿಂದನ ಸಭೆಯಲ್ಲಿ ಯಾವ ತುಂಡಿನಲ್ಲಿಯೂ ಸಿಕ್ಕದ ರಥವು, ನ್ಯಾಯದವರಿಗೆ ಹಿಡಿದೆತ್ತಿದಾಗ ಸಿಕ್ಕಿದ ಅವಯವಿಯು, ಇಲ್ಲಿ ಕೂಡಿಸಿದವನ ಹೊಣೆಯಾಗಿ ಅವನ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ಅನೇಕ ಯುದ್ಧಗಳನ್ನು ಗೆದ್ದ ಸೇನಾಪತಿಯಾಗಿದ್ದುಕೊಂಡೇ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಂಥವರಿದ್ದ ನಾಡಿನವರಾದ ನಮಗೆ, ಆಯುಧವನ್ನು ಹಿಡಿಯಲೇಬೇಕಾದ ಗಳಿಗೆಗಳುಂಟು ಎಂಬುದು ತಿಳಿಯದ ಸಂಗತಿಯಲ್ಲ. ಅಂಥ ಗಳಿಗೆಗೂ ಮಿಕ್ಕ ಸಮಯಕ್ಕೂ ನಡುವೆ ಒಂದು ಬಿಚ್ಚುವ ಕೆಲಸವಿರಬೇಕು ಎಂಬುದಷ್ಟೇ ಆ ಆಚಾರದ ಕೇಳಿಕೆ.

ಜೈನರ ಈ ಮಾತನ್ನು ನಾನು ಹೇಳುತ್ತಿದ್ದಂತೆ ನನ್ನ ಸೋದರಳಿಯ, “ಬಿಡಿಯಾಗಿದ್ದರೆ ಅದು ಏತಕ್ಕೆ ಬಂದೀತು, ಮಾವ? ರಾತ್ರಿ ಯಾರಾದರೂ ನುಗ್ಗಿದರೆ ಕೂಡಿಸುತ್ತ ಕೂತಿರಲಾದೀತೆ?” ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಮನೆಯ ಯಜಮಾನನ ಭಯವನ್ನು ಅತಿಥಿಯಾಗಿ ಬಂದ ಮುದುಕನು ಗ್ರಂಥಗಳಿಂದ ತೊಡೆಯಲಾರ. ಆದ್ದರಿಂದ ನಾನು ಅದನ್ನು ವಾದಿಸದೆ, ಈ ಹಬ್ಬದ ಹುಟ್ಟಿಗೆ ಹೇಳುವ ಕಥೆಯನ್ನೇ ಜ್ಞಾಪಿಸಿದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಶಮೀವೃಕ್ಷದ ಮೇಲೆ ಆಯುಧಗಳನ್ನಿಟ್ಟರೆಂದು ಎಲ್ಲರಿಗೂ ಗೊತ್ತು; ಜನ ಹತ್ತಿರ ಬಾರದಿರಲೆಂದು ಶವವೊಂದನ್ನು ಆ ಮರಕ್ಕೆ ಕಟ್ಟಿದರೆಂಬುದೂ ಹಲವರಿಗೆ ಗೊತ್ತು. ಆದರೆ ವ್ಯಾಸಭಾರತದ ವಿರಾಟಪರ್ವದಲ್ಲಿ, ಅದಕ್ಕೆ ಮುಂಚೆ ನಡೆದ ಒಂದು ಕೆಲಸವನ್ನು ಕವಿ ಅವಸರಪಡದೆ ಹೇಳಿದ್ದಾನೆ. ಅರ್ಜುನ ಗಾಂಡೀವದ ಹೆದೆಯನ್ನು ಇಳಿಸಿದ; ಮಿಕ್ಕವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಬಿಲ್ಲಿನ ಹೆದೆ ಇಳಿಸಿದರು; ಆಮೇಲೆ ಕಟ್ಟಿ ಮರಕ್ಕೇರಿಸಿದರು. ಬಿಲ್ಲು ಬಿಲ್ಲಾಗಿಯೇ ಇತ್ತು, ಹೆದೆಯೂ ಇತ್ತು. ಎರಡರ ಸಂಯೋಗ ಮಾತ್ರ ಒಂದು ವರ್ಷದ ಮಟ್ಟಿಗೆ ಇಲ್ಲವಾಯಿತು. ನಾವು ಪೂಜಿಸುವುದು ಆ ವರ್ಷವನ್ನು ಕಳೆದು ಬಂದ ಆಯುಧವನ್ನು. ಪೂಜೆಗಿಟ್ಟ ಸಾಮಾನನ್ನು ಆ ದಿನ ಕೆಲಸಕ್ಕೆ ತೆಗೆಯಬಾರದೆಂದು ನನ್ನ ತಾಯಿ, ಎಂದರೆ ಅವನ ಅಜ್ಜಿ, ನಮಗೆ ಹೂವಿಟ್ಟ ಪೆನ್ಸಿಲನ್ನೂ ಮುಟ್ಟಗೊಡದೆ ಇದ್ದುದು ಅವನಿಗೂ ಕೇಳಿ ಗೊತ್ತಿತ್ತು.

“ಎಲ್ಲಕ್ಕೂ ಇಡು, ನಾಳೆಯವರೆಗೆ ಕೂಡಿಸಬೇಡ,” ಎಂದೆ.

ಅವನು ಬಟ್ಟೆಯ ಮೇಲಿದ್ದ ಒಂದೊಂದನ್ನೂ ಮುಟ್ಟುತ್ತ ಬಂದ. ನಂಬರಿದ್ದ ಪೆಟ್ಟಿಗೆಗೆ, ಮೇಲಿನ ಪೆಟ್ಟಿಗೆಗೆ, ಬೋಲ್ಟಿಗೆ, ಹೊಸದಾಗಿ ಬಂದಿದ್ದ ಉದ್ದನೆಯ ಕೈಗಾಪಿಗೆ, ಅದರ ನಟ್ಟಿಗೆ. ಕೊನೆಗೆ, ಇನ್ನು ಉಪಯೋಗಕ್ಕಿಲ್ಲವೆಂದು ಬದಿಗಿಟ್ಟಿದ್ದ ಹಳೆಯ ಎರಡು ಹೋಳುಗಳಿಗೂ. ಎಂಟು ವರ್ಷ ಅವನ ಎಡಗೈ ಕೂತ ಕಡೆ ಅವುಗಳ ಏಣು ಸವೆದು ಹೊಳಪಾಗಿತ್ತು. ನಟ್ಟಿಗಿಟ್ಟ ಕುಂಕುಮ ಜಾರಿ ತಿರುಪಿನ ಸುತ್ತಿನೊಳಗೆ ಇಳಿಯಿತು. ಅವನ ಮಗಳು ಬಂದು ಎಲ್ಲದರ ಮೇಲೂ ಒಂದೊಂದು ಸೇವಂತಿಗೆಯ ಎಸಳನ್ನು ಹಾಕಿದಳು.

ಮರುದಿನ ಅಕ್ಟೋಬರ್ 2, ವಿಜಯದಶಮಿ. ಬೆಳಗ್ಗೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ, ಕಾಯುತ್ತಿದ್ದ ಸ್ಪ್ಯಾನರಿನ ಪೊಟ್ಟಣ ಬಾಗಿಲಿಗೆ ಬಂತು. ಬಿಚ್ಚದೆ ಮೇಜಿನ ತುದಿಯಲ್ಲಿಟ್ಟು ಹೋದ. ಆ ದಿನವೂ ಅದರ ಮರುದಿನವೂ ಅದು ಹಾಗೆಯೇ ಇತ್ತು. ಶನಿವಾರ ಸಂಜೆ ಅವನು ಅದನ್ನು ತೆಗೆದು, ನಟ್ಟಿನ ಸುತ್ತಿನಲ್ಲಿದ್ದ ಕುಂಕುಮವನ್ನು ಬಟ್ಟೆಯಿಂದ ಒರೆಸಲು ನೋಡಿ, ಪೂರ್ತಿ ಹೋಗದಿದ್ದಾಗ ಹಾಗೆಯೇ ಬಿಟ್ಟು, ಬಿಗಿಯತೊಡಗಿದ. ಆ ನಟ್ಟನ್ನು ಬಿಗಿಯುವಾಗ ಅದರ ಅಂಚಿನ ಕಂಡಿಯೊಂದು ಅನಿಲದ ಕೊಳವೆ ಹಾದುಹೋಗುವ ರಂಧ್ರಕ್ಕೆ ನೇರವಾಗಿ ಎದುರಾಗುವಂತೆ ನಿಲ್ಲಿಸಬೇಕು. ಸ್ವಲ್ಪ ಹೆಚ್ಚಾದರೂ ಕಡಮೆಯಾದರೂ ಕೊಳವೆ ಕೂರದು. ಸಂಜೆಯ ಬೆಳಕು ಸಾಲದೆ ಅವನು ಬಗ್ಗಿ ಬಗ್ಗಿ ನೋಡುತ್ತಿದ್ದ. ನಾನು ಎದ್ದು ಹೋಗಿ, ಅಡುಗೆಮನೆಯಲ್ಲಿದ್ದ ಟಾರ್ಚನ್ನು ತಂದು, ಕಂಡಿಯೂ ರಂಧ್ರವೂ ಒಂದಾಗುವವರೆಗೆ ಅದರ ಮೇಲೆ ಬೆಳಕು ಹಿಡಿದೆ.